ನೀರು ಬಿಡೋರ ಮನೆ ಗೇಟು

ನಮ್ಮ ಮನೇಲಿ ವಾರಕ್ಕೊಂದಾದ್ರೂ ಪ್ರಸಂಗ ಆಗ್ಲಿಲ್ಲ ಅಂದ್ರೆ ಪಕ್ಕದ ಮನೆ ಆಂಟಿ ಕಾಂಪೌಂಡ್ ಮೇಲಿಂದ ಬಗ್ಗಿ, "ಏನ್ರೀ, ಎಲ್ಲಾ ಚೆನ್ನಾಗಿದೀರಾ ತಾನೇ? ಈ ವಾರ ಏನೂ ಸುದ್ದೀನೇ ಇಲ್ಲ" ಅಂತ ವಿಚಾರಿಸ್ಕೋತಾರೆ. ಸುದ್ದಿ ಇಲ್ದೇ ಇದ್ರೆ ಅವರಿಗೆ ತಿಂಡಿ ಸೇರಲ್ಲ.

ನಮ್ಮ ಯಜಮಾನ್ರು ಬಸವೇಶ್ವರನಗರದಲ್ಲಿ ಮೂವತ್ತು ವರ್ಷ ನೀರು ಬಿಡೋ ಕೆಲಸ ಮಾಡಿದೋರು. ವಾಲ್ವ್‌ಮನ್ನು. ಉದ್ದನೆ ಕಬ್ಬಿಣದ ರಾಡು ಹೆಗಲ ಮೇಲೆ ಹೊತ್ಕೊಂಡು ಬೆಳಗ್ಗೆ ಐದೂವರೆಗೆ ಹೊರಡೋರು. ರಸ್ತೇಲಿರೋ ಮುಚ್ಚಳ ತೆಗೆದು, ರಾಡು ಒಳಗೆ ಬಿಟ್ಟು, ಸುತ್ತು ಎಣಿಸ್ತಾ ತಿರುಗಿಸಿದ್ರೆ ಇಡೀ ಕ್ರಾಸಿನ ಸಂಪು ತುಂಬೋದು. ನೀರಿನ ದಿನ ಯಾರ ಮನೇಲಿ ಮದುವೆ, ಯಾರ ಮನೇಲಿ ತಿಥಿ, ಯಾರ ಮನೆ ಸಂಪು ಸೋರುತ್ತೆ, ಎಲ್ಲಾ ಅವರ ಬಾಯಲ್ಲೇ. ಈಗ ನಾಲ್ಕು ವರ್ಷದಿಂದ ಮರೆವಿನ ಕಾಯಿಲೆ. ಡಾಕ್ಟ್ರು ಡಿಮೆನ್ಶಿಯಾ ಅಂತಾರೆ. ಮಗಳ ಹೆಸರು ಮರೆತ್ರು, ಊಟ ಮಾಡಿದ್ದು ಮರೆತ್ರು, ನನ್ನನ್ನೂ ಮರೆತ್ರು. ನೀರು ಬಿಡೋದು ಮಾತ್ರ ಮರೀಲಿಲ್ಲ.

ಮೂವತ್ತೆಂಟು ವರ್ಷ ನನ್ನನ್ನ "ಲೇ" ಅಂತ ಕರೆದ ಮನುಷ್ಯ ಈಗ "ನೀವು ಕಾಫಿ ಕುಡಿದ್ರಾ ಅಮ್ಮಾ?" ಅಂತಾರೆ. ಕಾಯಿಲೆ ಕೊಟ್ಟ ಮರ್ಯಾದೆ ಅದೊಂದೇ. ಇದನ್ನೆಲ್ಲಾ ಹೇಳಿ ನಗಬಾರದು ಅಂತ ನನ್ನ ಓರಗಿತ್ತಿ ಬುದ್ಧಿ ಹೇಳಿದ್ಲು. ಅವಳಿಗೇನು ಗೊತ್ತು. ನಗದೇ ಇದ್ದಿದ್ರೆ ನಾನು ಯಾವತ್ತೋ ಮಲಗಿಬಿಡ್ತಿದ್ದೆ.

ಇನ್ನು ಅರ್ಧ ಗಂಟೆ

ಕಾಯಿಲೆ ಅಂತ ನಮಗೆ ಗೊತ್ತಾಗಿದ್ದು ಹೀಗೆ. ರಿಟೈರ್ ಆಗಿ ಆರು ವರ್ಷ ಆಗಿತ್ತು. ಒಂದು ಮಂಗಳವಾರ ಬೆಳಗ್ಗೆ ಐದೂವರೆಗೆ ಎದ್ದವರೇ ಅಟ್ಟದ ಮೇಲಿದ್ದ ಹಳೇ ರಾಡು ಇಳಿಸ್ಕೊಂಡು ಹೊರಟ್ರು. ನಾನು ಸ್ನಾನದ ಮನೇಲಿದ್ದೆ. ನಮ್ಮ ಕ್ರಾಸಿನ ಅಷ್ಟೂ ಗೇಟು ತಟ್ಟಿ, "ನೀರು ಬಿಟ್ಟಿದೀನಿ, ಹಿಡ್ಕೊಳ್ಳಿ" ಅಂತ ಹೇಳ್ಕೊಂಡು ಬಂದಿದ್ದಾರೆ.

ಅವತ್ತು ನಮ್ಮ ಕಡೆಗೆ ನೀರಿನ ದಿನಾನೇ ಅಲ್ಲ. ಮೇನ್ ಲೈನಲ್ಲೇ ನೀರಿರ್ಲಿಲ್ಲ. ಆದ್ರೆ ಮೂವತ್ತು ವರ್ಷ ಆ ಮನುಷ್ಯ ಹೇಳಿದ ಒಂದು ಮಾತೂ ಸುಳ್ಳಾಗಿರ್ಲಿಲ್ಲ ನೋಡಿ, ಒಬ್ಬರಿಗೂ ಅನುಮಾನ ಬರ್ಲಿಲ್ಲ. ಇಡೀ ರಸ್ತೆ ಎದ್ದು ಸಂಪಿನ ಮುಚ್ಚಳ ತೆಗೆದು ನಿಂತ್ಕೊಂಡ್ತು. ಎದುರುಮನೆಯವರಂತೂ, ಹೇಗೂ ಹೊಸ ನೀರು ಬಂತಲ್ಲ ಅಂತ, ಟ್ಯಾಂಕಲ್ಲಿದ್ದ ನೀರು ಪೂರ್ತಿ ಸುರಿದು ಅಂಗಳ, ಮೆಟ್ಟಿಲು, ಕಾರು, ಕೊನೆಗೆ ನಾಯಿಯನ್ನೂ ತೊಳೆದುಬಿಟ್ರು.

ಆರೂವರೆ ಆದ್ರೂ ನಲ್ಲೀಲಿ ತೊಟ್ಟು ನೀರಿಲ್ಲ. ಪಕ್ಕದ ಮನೆ ಆಂಟಿ ಬಿಂದಿಗೆ ಸೊಂಟದಲ್ಲಿಟ್ಕೊಂಡೇ ನಮ್ಮನೆಗೆ ಬಂದ್ರು. "ಏನಣ್ಣಾ, ನೀರು ಬಿಟ್ಟೆ ಅಂದ್ರಿ, ಬರೀ ಗಾಳಿ ಬರ್ತಿದೆ" ಅಂದ್ರು.

ಇವರು ಕಾಫಿ ಲೋಟ ಕೆಳಗಿಡದೇ, "ಕಡೇ ಮನೆಯವರು ಮೋಟ್ರು ಹಾಕಿ ಎಳೀತಿದ್ದಾರೆ. ಪ್ರೆಶರ್ ಕಮ್ಮಿ. ಇನ್ನು ಅರ್ಧ ಗಂಟೆ" ಅಂದ್ರು.

ಆಂಟಿ "ಹಂಗಾ" ಅಂದು ವಾಪಸ್ ಹೋಗಿ ಇನ್ನರ್ಧ ಗಂಟೆ ನಿಂತಿದ್ರು.

ಅಧ್ಯಕ್ಷರಿಗೆ ಡ್ಯೂಟಿ

ಅದಾದ ಮೇಲೆ ಒಂದಿನ ಇವರು ಕಳೆದೇಹೋದ್ರು. ಬೆಳಗ್ಗೆ ಹೋದವರು ಮಧ್ಯಾಹ್ನ ಆದ್ರೂ ಇಲ್ಲ. ಕೊನೆಗೆ ಸಿಕ್ಕಿದ್ದು ನಾಯಂಡಹಳ್ಳೀಲಿ, ವರ್ಕ್‌ಶಾಪ್‌ಗಳ ಸಾಲಲ್ಲಿ. ಫುಟ್‌ಪಾತ್ ಮೇಲೆ ಕೂತ್ಕೊಂಡು ಯಾವುದೋ ಮುಚ್ಚಳ ರಾಡಲ್ಲಿ ಮೀಟ್ತಾ ಇದ್ರಂತೆ. ಒಬ್ಬ ವೆಲ್ಡಿಂಗ್ ಸಾಬರು ನೀರು ಕುಡಿಸಿ, ಜೇಬಲ್ಲಿದ್ದ ಚೀಟಿ ನೋಡಿ ಫೋನ್ ಮಾಡಿದ್ರು. ಅವರ ಋಣ ನಾನು ಈ ಜನ್ಮದಲ್ಲಿ ತೀರಿಸೋಕಾಗಲ್ಲ.

ಸಾಯಂಕಾಲ ಕೆಂಗೇರಿಯಿಂದ ಮಗಳು ಬಂದ್ಲು. ಅಳ್ತಾನೇ ಬಂದ್ಲು. ಬ್ಯಾಗಿಂದ ಒಂದು ಹೊಸ ಬೀಗ ತೆಗೆದು ಗೇಟಿಗೆ ಜಡಿದ್ಲು. "ಅಮ್ಮಾ, ಬೈಬೇಡ. ಅಪ್ಪ ಲಾರಿ ಅಡಿ ಸಿಕ್ಕಿದ್ರೆ ಏನು ಮಾಡ್ತಿದ್ದೆ" ಅಂದ್ಲು. ಅವಳದ್ದೂ ತಪ್ಪಿಲ್ಲ.

ಮಾರನೇ ದಿನ ಐದೂವರೆಗೆ ಇವರು ಗೇಟು ಹಿಡ್ಕೊಂಡು ನಿಂತ್ರು. "ನೀರಿನ ಟೈಮಾಯ್ತು, ಜನ ಕಾಯ್ತಿದ್ದಾರೆ" ಅಂದ್ರು. ಹತ್ತು ಗಂಟೆಯಾದ್ರೂ ಅಲ್ಲೇ. ತಿಂಡಿ ಮುಟ್ಟಲಿಲ್ಲ. ಎರಡನೇ ದಿನಾನೂ ಅದೇ ಕತೆ. ಅವರ ಮುಖ ನೋಡೋಕಾಗ್ದೇ ನಾನು ಒಳಗೆ ಹೋಗಿ ಮಿಕ್ಸಿ ಹಾಕ್ಕೊಂಡು ಅತ್ತೆ. ಮಿಕ್ಸೀಲಿ ಏನೂ ಇರ್ಲಿಲ್ಲ, ಸದ್ದಿಗೆ ಹಾಕಿದ್ದು.

ಮೂರನೇ ದಿನ ಬೆಲ್ ಆಯ್ತು. ಹೋಗಿ ನೋಡಿದ್ರೆ ನಮ್ಮ ಲೇಔಟ್ ಅಸೋಸಿಯೇಷನ್ ಅಧ್ಯಕ್ಷರು ಗೇಟಿನ ಆಚೆ ನಿಂತಿದ್ದಾರೆ. ವಾಕಿಂಗ್ ಶೂ, ಮಂಕಿ ಟೋಪಿ, ಹೆಗಲ ಮೇಲೆ ನಮ್ಮ ರಾಡು. ದೊಡ್ಡ ಆಫೀಸರಾಗಿ ರಿಟೈರ್ ಆದವರು ಅವರು, ಬೀದೀಲಿ ಬಾಳೆಹಣ್ಣಿನ ಸಿಪ್ಪೆ ಬಿದ್ದಿದ್ರೂ ಸರ್ಕ್ಯುಲರ್ ಹೊರಡಿಸೋ ಜನ.

"ಏನ್ ಸಾರ್ ಇದು" ಅಂದೆ.

"ಅದೇ ಕೇಳೋಣ ಅಂತ ಬಂದೆ ಅಮ್ಮಾ. ಇವರು ಗೇಟಿನ ಮೇಲಿಂದ ರಾಡು ಕೊಟ್ರು. 'ನನಗೆ ಇವತ್ತು ಹೊರಗೆ ಬರೋಕಾಗ್ತಿಲ್ಲ, ಎರಡನೇ ಕ್ರಾಸು ಹದಿನಾಲ್ಕು ಸುತ್ತು, ಮೂರನೇದು ಹನ್ನೊಂದು, ನೀವು ಮುಗಿಸ್ಕೊಂಡು ಬನ್ನಿ' ಅಂದ್ರು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

"ಮತ್ತೆ, ಹೋಗಿದ್ರಾ?"

ಅಧ್ಯಕ್ಷರು ಆಕಡೆ ಈಕಡೆ ನೋಡಿ ದನಿ ತಗ್ಗಿಸಿದ್ರು. "ಎರಡನೇ ಕ್ರಾಸ್ ಮುಗೀತು. ಮೂರನೇದು ಎಷ್ಟು ಸುತ್ತು ಅಂದ್ರು, ಮರೆತುಹೋಯ್ತು."

ವಿಳಾಸ ಮಾತ್ರ ಕೇಳ್ಬೇಡಿ

ಮಗಳಿಗೆ ಫೋನ್ ಮಾಡಿ ಜಗಳ ಆಡಿದೆ. ನನಗೆ ಮೂಗಿನ ತುದೀಲೇ ಕೋಪ, ಅವಳಿಗೆ ನನಗಿಂತ ಒಂದು ತೂಕ ಹೆಚ್ಚು. ಕೊನೆಗೆ ಒಂದು ಒಪ್ಪಂದ ಆಯ್ತು. ಬೀಗ ತೆಗೀತಾಳೆ. ಆದ್ರೆ ಇನ್ನೊಂದೇ ಒಂದು ಸಲ ಅಪ್ಪ ಕಳೆದುಹೋದ್ರೆ, ಮತ್ತೆ ಬೀಗ. ಆಮೇಲೆ ಇಬ್ಬರನ್ನೂ ಕೆಂಗೇರಿಗೆ ಕರ್ಕೊಂಡು ಹೋಗ್ತಾಳೆ, ಅವಳ ಏಳನೇ ಮಹಡಿ ಫ್ಲ್ಯಾಟಿಗೆ. ಪ್ರೀತಿಯಿಂದಲೇ ಅಂದ್ಲು. ಆದ್ರೆ ಏಳನೇ ಮಹಡೀಲಿ ಈ ಮನುಷ್ಯ ಯಾವ ವಾಲ್ವ್ ತಿರುಗಿಸ್ತಾರೆ, ಹೇಳಿ. ಆ ಗೇಟು ತೆರೆದಿರೋವರೆಗೆ ಇವರು ಮನುಷ್ಯರಾಗಿರ್ತಾರೆ, ಮುಚ್ಚಿದ ದಿನ ಗೋಡೆ ನೋಡ್ಕೊಂಡು ಕೂತುಬಿಡ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಆಗ ಕೈ ಹಿಡಿದಿದ್ದು ನಮ್ಮ ಕ್ಲಿನಿಕ್ ಡಾಕ್ಟ್ರು. ಮರೆವಿನವರ ಮನೆಯವರಿಗೆ ಸಹಾಯ ಮಾಡೋ ಒಂದು ಸಂಸ್ಥೆಯಿದೆ, ಅಲ್ಲಿಂದ ಒಬ್ಬರು ಮೇಡಂನ ಕರೆಸಿದ್ರು. ಅಸೋಸಿಯೇಷನ್‌ನವರು ಪಾರ್ಕಿನ ರೂಮು ಬಿಟ್ಟುಕೊಟ್ರು. ಶನಿವಾರ ಶನಿವಾರ ಸಭೆ. ನಮ್ಮಂಥ ಆರೇಳು ಮನೆಯವರು ಬರ್ತೀವಿ. ನಮ್ಮ ಜೊತೆಗೆ ಅಧ್ಯಕ್ಷರು, ಅವರ ಹೆಂಡ್ತಿ, ಹೂವಿನಂಗಡಿಯಮ್ಮ, ಇಸ್ತ್ರಿಯವರು, ಆಟೋ ಸ್ಟ್ಯಾಂಡಿನವರು, ಹೊಸದಾಗಿ ತೆರೆದ ದರ್ಶಿನಿ ಮಾಲೀಕರು. ಮೇಡಂ ಹೇಳಿಕೊಡೋದು ಇಷ್ಟೇ: ಎದುರಿಗೆ ಹೋಗಿ ತಡೀಬೇಡಿ. ನೀವು ಹೇಳ್ತಿರೋದು ತಪ್ಪು ಅಂತ ವಾದಿಸ್ಬೇಡಿ. ಪಕ್ಕದಲ್ಲಿ ನಾಲ್ಕು ಹೆಜ್ಜೆ ನಡೀರಿ, ಒಂದು ಕಾಫಿ ಕೊಡಿ, ಆಮೇಲೆ ನಿಧಾನಕ್ಕೆ ಮನೆ ಕಡೆ ತಿರುಗಿಸಿ.

ದರ್ಶಿನಿ ಮಾಲೀಕರು ಏರಿಯಾಗೆ ಹೊಸಬರು, ಇವರನ್ನ ನೋಡೇ ಇರ್ಲಿಲ್ಲ. "ಗುರುತು ಹೇಳಿ ಆಂಟಿ" ಅಂದ್ರು. ಬಿಳೀ ಶರ್ಟು, ಎತ್ತರದ ಆಳು, ಕೈಲಿ ಉದ್ದನೆ ಏನಾದ್ರೂ ಇರುತ್ತೆ, ಮನೆ ಮನೆ ನೋಡ್ಕೊಂಡು ಹೋಗ್ತಾರೆ ಅಂದೆ. ಅವರು ಶ್ರದ್ಧೆಯಿಂದ ಚೀಟಿ ಮೇಲೆ ಬರ್ಕೊಂಡ್ರು.

ಎರಡೇ ದಿನ. ನಾನು ಸೊಪ್ಪು ಸೋಸ್ತಾ ಕೂತಿದ್ದೆ, ಯಜಮಾನ್ರು ಪಕ್ಕದಲ್ಲೇ ತೂಕಡಿಸ್ತಿದ್ರು. ಗೇಟಿನ ಹತ್ರ ಒಂದು ಸಣ್ಣ ಮೆರವಣಿಗೆ. ಮುಂದೆ ದರ್ಶಿನಿ ಮಾಲೀಕರು, ಹಿಂದೆ ಒಬ್ಬ ಆಟೋದವರು, ಮಧ್ಯೆ ಬಿಳೀ ಶರ್ಟಿನ ಯಾರೋ ಹಿರಿಯರು, ಕೈಲಿ ಉದ್ದನೆ ಛತ್ರಿ.

"ಆಂಟಿ, ಜೋಪಾನವಾಗಿ ಕರ್ಕೊಂಡ್ ಬಂದಿದೀವಿ. ಒಂದು ಕಾಫಿ, ಎರಡು ಇಡ್ಲಿ ತಿಂದಿದ್ದಾರೆ. ನಾವು ವಾದ ಮಾಡ್ಲಿಲ್ಲ" ಅಂದ್ರು ದರ್ಶಿನಿಯವರು, ಬೀಗ್ತಾ.

"ಯಾರ್ರೀ ಇವರು?" ಅಂದೆ.

ಪಾಪ, ಅವರು ಚಂದ್ರಾ ಲೇಔಟಿನವರು. ಮಗಳ ಮದುವೆ ಲಗ್ನಪತ್ರಿಕೆ ಹಂಚೋಕೆ ಬಂದು, ಮನೆ ನಂಬರ್ ಸಿಗದೇ ಸುತ್ತಾಡ್ತಿದ್ರು. ನಾಲ್ಕು ಜನರ ಹತ್ರ ಕೇಳಿದ್ದಾರೆ. ನಾಲ್ವರೂ "ಹೌದು ಸಾರ್, ಹೌದು ಸಾರ್, ಬನ್ನಿ ಹೋಗೋಣ" ಅಂತ ಪಕ್ಕದಲ್ಲಿ ನಡೆದಿದ್ದಾರೆ. ನಾನು ಕೈ ಮುಗಿದು ಕ್ಷಮೆ ಕೇಳಿದೆ.

ಅವರು ನನಗೂ ಒಂದು ಪತ್ರಿಕೆ ಕೊಟ್ಟು ಅಂದ್ರು: "ನಿಮ್ಮ ಏರಿಯಾ ಜನ ತುಂಬಾ ಒಳ್ಳೆಯವರಮ್ಮಾ. ವಿಳಾಸ ಮಾತ್ರ ಯಾರೂ ಹೇಳಲ್ಲ."

ಆ ಮದುವೆಗೆ ನಾವಿಬ್ಬರೂ ಹೋಗಿದ್ವಿ. ದರ್ಶಿನಿಯವರೂ ಬಂದಿದ್ರು.

ನೀರಿಲ್ಲದ ವಾಲ್ವು

ಗೇಟೇನೋ ತೆರೀತು. ತೊಂದರೆ ಶುರುವಾಗಿದ್ದು ಹೊಸ ವಾಲ್ವ್‌ಮನ್ನಿಗೆ. ಕೊಪ್ಪಳದ ಕಡೆಯವನು, ಹೆಂಡ್ತಿ ಮಕ್ಕಳ ಜೊತೆ ಇಲ್ಲೇ ಹಿಂದಿನ ರಸ್ತೇಲಿ ಬಾಡಿಗೆಗಿದ್ದಾನೆ. ಅವನು ಬೆಳಗ್ಗೆ ಎರಡನೇ ಕ್ರಾಸಿಗೆ ತಿರುಗಿಸಿ ಹೋದ್ರೆ, ಹಿಂದೆಯೇ ನಮ್ಮವರು ಹೋಗಿ ಅದನ್ನ ಮುಚ್ಚಿ ಮೂರನೇ ಕ್ರಾಸಿಗೆ ಬಿಡೋರು. ಮೂರನೇ ಕ್ರಾಸಿನವರ ಮನೇಲಿ ದಿನಾ ದೀಪಾವಳಿ ಎಣ್ಣೆಸ್ನಾನ. ಎರಡನೇ ಕ್ರಾಸಿನವರು ಟ್ಯಾಂಕರ್ ತರಿಸ್ಕೊಂಡು ಅವನಿಗೆ ಬಾಯಿಗೆ ಬಂದಂಗೆ ಬೈಯೋರು.

ಒಂದಿನ ಅವನು ನಮ್ಮನೆಗೆ ಬಂದ. ಜಗಳಕ್ಕೆ ಬಂದ ಅಂದ್ಕೊಂಡು ನಾನೂ ಸೆರಗು ಸಿಗಿಸ್ಕೊಂಡು ಸಿದ್ಧವಾದೆ.

"ಅಮ್ಮಾರ, ಸಿಟ್ಟಾಗಬ್ಯಾಡ್ರಿ. ಕಾಕಾನ ರಾಡ್ ಕಸಗೊಳ್ಳಾಕ ನನ್ನ ಮನಸ್ ಒಪ್ಪವಲ್ದು. ಅವರಿಗೆ ಅಂತ ಒಂದ್ ಬ್ಯಾರೆ ವಾಲ್ವ್ ಮಾಡಿಸಿ ಕೊಡೂಣು. ನೀರಿಲ್ಲದ್ದು" ಅಂದ.

ಶನಿವಾರದ ಸಭೇಲಿ ಮೇಡಂಗೆ ಹೇಳಿದ್ವಿ. ಅವರು ಚಪ್ಪಾಳೆ ತಟ್ಟಿದ್ರು. ನಾಯಂಡಹಳ್ಳಿಯ ಆ ವೆಲ್ಡಿಂಗ್ ಸಾಬರಿಗೆ ಫೋನ್ ಮಾಡಿದ್ರೆ, "ಅಯ್ಯೋ ಅದೇನಮ್ಮಾ, ಅವತ್ತು ಬಂದಿದ್ರಲ್ಲ ಅವರಿಗೆ ತಾನೇ" ಅಂತ ಗುಜರಿ ವಾಲ್ವ್ ಹುಡುಕಿ, ಪಾರ್ಕಿನ ಮೂಲೇಲಿ ಗುಂಡಿ ತೋಡಿಸಿ, ಮುಚ್ಚಳ ಸಮೇತ ಕೂರಿಸಿಕೊಟ್ರು. ಯಾವ ಪೈಪಿಗೂ ಸೇರಿಲ್ಲದ ವಾಲ್ವು. ಹೂವಿನಂಗಡಿಯಮ್ಮ ಒಂದು ಮೊಳ ಸೇವಂತಿಗೆ ಹಾಕಿದ್ರು. ಅಧ್ಯಕ್ಷರು ಕಾಯಿ ಒಡೆದ್ರು.

ಯಜಮಾನ್ರು ರಾಡು ಬಿಟ್ಟು ಎರಡು ಸುತ್ತು ತಿರುಗಿಸಿ ನಿಲ್ಲಿಸಿಬಿಟ್ರು. "ಇದು ಲೂಸು. ಹಿಡಿತ ಇಲ್ಲ. ನಾನು ಇದನ್ನ ವಹಿಸ್ಕೊಳ್ಳಲ್ಲ" ಅಂದ್ರು. ಸಾಬರು ಬಿಚ್ಚಿ ಬಿಗಿ ಮಾಡಿದ್ರು. ಈಗ ತುಂಬಾ ಬಿಗಿ ಅಂದ್ರು. ಸಾಬರು ಇನ್ನೊಂದು ದಿನ ಗ್ರೀಸ್ ಡಬ್ಬಿ ತಂದು ಮತ್ತೆ ಬಿಚ್ಚಿದ್ರು. ಮೂರನೇ ಸಲಕ್ಕೆ ಪಾಸಾಯ್ತು. ಸಾಬರು ಹಣೆ ಒರೆಸ್ಕೊಂಡು, "ಅಮ್ಮಾ, ನಿಜವಾದ ವಾಲ್ವಿಗೂ ಯಾರೂ ನನ್ನ ಹತ್ರ ಇಷ್ಟು ಕೆಲಸ ತೆಗೆದಿರ್ಲಿಲ್ಲ" ಅಂದ್ರು.

ಅವತ್ತಿಂದ ಇದೇ ಕ್ರಮ. ಐದೂವರೆಗೆ ಕೊಪ್ಪಳದವನು ಬಂದು "ನಡೀರಿ ಕಾಕಾ" ಅಂತಾನೆ. ಪಾರ್ಕಿಗೆ ಬಿಟ್ಟು ಅವನು ನಿಜವಾದ ವಾಲ್ವ್ ತಿರುಗಿಸೋಕೆ ಹೋಗ್ತಾನೆ. ಇವರು ಇಲ್ಲಿ ಹದಿನಾಲ್ಕು ಸುತ್ತು ಎಣಿಸಿ ಮುಗಿಸೋ ಹೊತ್ತಿಗೆ ಅಲ್ಲಿ ನಲ್ಲೀಲಿ ನೀರು. ಲೆಕ್ಕ ತಪ್ಪಲ್ಲ. ಮುಗಿಸಿ ದರ್ಶಿನೀಲಿ ಕಾಫಿ ಕುಡಿದು ಏಳಕ್ಕೆ ಮನೆ. ಬಂದವರು ಹೊಟ್ಟೆ ತುಂಬಾ ತಿಂಡಿ ತಿಂತಾರೆ. ಅದನ್ನ ನೋಡ್ತಾ ಎಷ್ಟೋ ದಿನ ನಾನು ತಿನ್ನೋದು ಮರೆತಿದೀನಿ.

ಜನರ ವಿಷಯ ಕೇಳಿ. ಅದು ನೀರಿಲ್ಲದ ವಾಲ್ವು ಅಂತ ಇಡೀ ಲೇಔಟಿಗೆ ಗೊತ್ತು. ಮಣ್ಣು ತೋಡೋವಾಗ ಎಲ್ಲರೂ ನಿಂತು ನೋಡಿದ್ದಾರೆ. ಆದ್ರೂ ಹಬ್ಬದ ಹಿಂದಿನ ದಿನ ಪಕ್ಕದ ಮನೆ ಆಂಟಿ ಪಾರ್ಕಿಗೆ ಹೋಗಿ, "ಅಣ್ಣಾ, ನಾಳೆ ನೆಂಟರು ಬರ್ತಾರೆ, ಎರಡು ಸುತ್ತು ಜಾಸ್ತಿ ಬಿಡಿ" ಅಂತ ಬೇಡ್ಕೊಂಡ್ರು.

"ಆಗಲ್ಲಮ್ಮಾ. ಎಲ್ಲರಿಗೂ ಒಂದೇ" ಅಂದ್ರು ಇವರು.

ಆಂಟಿ ಮುಖ ಊದಿಸ್ಕೊಂಡು ನನ್ನ ಹತ್ರ ಬಂದು, "ನಿಮ್ಮ ಯಜಮಾನ್ರಿಗೆ ನೀವಾದ್ರೂ ಒಂದು ಮಾತು ಹೇಳಬಾರ್ದಾ" ಅಂದ್ರು.

ನಂಬಿಕಸ್ಥರು

ಈಗ ಕೊನೇದು. ಇದನ್ನ ನೆನೆಸ್ಕೊಂಡ್ರೆ ಈಗಲೂ ನನಗೆ ನಗು ಮೊದಲಾ ಅಳು ಮೊದಲಾ ಗೊತ್ತಾಗಲ್ಲ.

ಒಂದು ಭಾನುವಾರ ಬೆಳಗ್ಗೆ ಮೇನ್ ರೋಡಲ್ಲಿ ನೀರಿನ ದೊಡ್ಡ ಪೈಪು ಒಡೀತು. ರಸ್ತೆ ತುಂಬಾ ನೀರು. ಕೊಪ್ಪಳದವನು ಅಲ್ಲಿಗೆ ಓಡಿದ್ದಾನೆ, ನಮ್ಮನೆಗೆ ಬರೋಕಾಗಿಲ್ಲ. ಯಜಮಾನ್ರು ಕಾದು ಕಾದು ಒಬ್ಬರೇ ಹೊರಟುಬಿಟ್ಟಿದ್ದಾರೆ. ಏಳು ಗಂಟೆಗೆ ಪಾರ್ಕಿಗೆ ಹೋಗಿ ನೋಡ್ತೀನಿ, ವಾಲ್ವಿನ ಹತ್ರ ಯಾರೂ ಇಲ್ಲ.

ದರ್ಶಿನಿಗೆ ಓಡಿದೆ, ಶಟರ್ ಅರ್ಧ ಎಳೆದಿದೆ, ಮಾಲೀಕರಿಲ್ಲ. ಹೂವಿನಂಗಡಿಯಮ್ಮನೂ ಇಲ್ಲ. ಆಟೋ ಸ್ಟ್ಯಾಂಡು ಖಾಲಿ. ಇಡೀ ಊರೇ ನನ್ನ ಕೈ ಬಿಟ್ಟ ಹಾಗೆ ಅನ್ನಿಸ್ತು. ಇಸ್ತ್ರಿ ಅಂಗಡಿಯವರ ಹೆಂಡ್ತಿ ಫೋನ್ ಇಸ್ಕೊಂಡು ಮಗಳಿಗೆ ಮಾಡ್ದೆ. "ಅಪ್ಪ ಮತ್ತೆ ಕಳೆದುಹೋದ್ರು ಕಣೇ" ಅಂದೆ. ಅವಳು "ಬರ್ತಿದೀನಿ" ಅಂದ್ಲು. ಬೀಗ ತರ್ತಾಳೆ ಅಂತ ಕೇಳದೇ ಗೊತ್ತಾಯ್ತು.

ಮುಕ್ಕಾಲು ಗಂಟೆ ಬೀದಿ ಬೀದಿ ಅಲೆದೆ. ಕಂಡ ದೇವರಿಗೆಲ್ಲಾ ಹರಕೆ ಹೊತ್ತೆ. ಮೆಟ್ರೋ ಇಳಿದು ವಿಜಯನಗರದಿಂದ ಆಟೋದಲ್ಲಿ ಬಂದ ಮಗಳು ನನ್ನ ಎದುರಿಗೇ ಇಳಿದ್ಲು. ಕೈಲಿ ಅದೇ ಹಳೇ ಬೀಗ. ಮುಖ ಬಿಳುಚ್ಕೊಂಡಿತ್ತು.

"ಅಮ್ಮಾ, ನಿನ್ನ ಫೋನೆಲ್ಲಿ? ಇಪ್ಪತ್ತು ಸಲ ಮಾಡಿದೀನಿ."

ಫೋನು ಮನೇಲಿ ಫ್ರಿಡ್ಜಿನ ಮೇಲಿತ್ತು. ಇಬ್ಬರೂ ಮನೆಗೆ ಓಡಿ ತೆಗೆದ್ವಿ. ಅವಳು ಶನಿವಾರದ ಸಭೆಯವರ ವಾಟ್ಸಾಪ್ ಗ್ರೂಪು ತೆರೆದು ಒಂದೊಂದೇ ಗಟ್ಟಿಯಾಗಿ ಓದಿದ್ಲು.

"ಆರು ಗಂಟೆ. ಅಣ್ಣ ಹೂವಿನಂಗಡಿ ದಾಟಿದ್ರು, ನಾನು ಜೊತೆಗಿದೀನಿ. ಆರೂ ಹತ್ತು. ದರ್ಶಿನೀಲಿ ಕಾಫಿ ಆಯ್ತು, ನಾನೂ ಜೊತೆಗೆ ಹೊರಟೆ. ಆರೂಕಾಲು. ಮೇನ್ ರೋಡ್ ದಾಟಿಸೋಕೆ ಎರಡು ಆಟೋ ಅಡ್ಡ ನಿಲ್ಲಿಸಿದೀವಿ. ಆರೂವರೆ. ನಮ್ಮ ಮನೇಲಿದ್ದಾರೆ, ಉಪ್ಪಿಟ್ಟು ತಿಂತಿದ್ದಾರೆ, ವಾದ ಮಾಡಿಲ್ಲ, ಯಾರೂ ಗಾಬರಿಯಾಗ್ಬೇಡಿ."

ಕೊನೇ ಮೆಸೇಜು ಅಧ್ಯಕ್ಷರ ಹೆಂಡತಿಯದ್ದು. ಮಗಳು ಫೋನು ಕೆಳಗಿಟ್ಟು ನನ್ನ ಮುಖ ನೋಡಿದ್ಲು.

"ಅಮ್ಮಾ, ಅಪ್ಪ ಒಂದು ನಿಮಿಷಾನೂ ಕಳೆದುಹೋಗಿಲ್ಲ. ಬಸವೇಶ್ವರನಗರದಲ್ಲಿ ಅವರೆಲ್ಲಿದ್ದಾರೆ ಅಂತ ಗೊತ್ತಿಲ್ದೇ ಇದ್ದಿದ್ದು ನಿನಗೊಬ್ಬಳಿಗೇ."

ಅಧ್ಯಕ್ಷರ ಮನೆ ಮುಂದೆ ಜಾತ್ರೆ. ನನ್ನ ಕೈ ಬಿಟ್ಟುಹೋದ್ರು ಅಂದ್ಕೊಂಡಿದ್ದವರೆಲ್ಲಾ ಅಲ್ಲೇ ಇದ್ರು. ಒಡೆದ ಪೈಪಿನ ನೀರು ನಿಲ್ಲಿಸೋಕೆ ಒಂದು ಹಳೇ ವಾಲ್ವ್ ಮುಚ್ಚಬೇಕಂತೆ, ಅದು ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಇಂಜಿನಿಯರ್ ಒಬ್ಬರು ಫೋನಲ್ಲಿ ನಕ್ಷೆ ಹಿಡ್ಕೊಂಡು ರಸ್ತೆ ಆಕಡೆ ಈಕಡೆ ಓಡಾಡ್ತಿದ್ರು. ನಮ್ಮ ಯಜಮಾನ್ರು ಅಧ್ಯಕ್ಷರ ಗೇಟಿನ ಮುಂದೆ ಸ್ಟೂಲ್ ಹಾಕ್ಕೊಂಡು, ಉಪ್ಪಿಟ್ಟಿನ ತಟ್ಟೆ ತೊಡೆ ಮೇಲಿಟ್ಕೊಂಡು, ಕಾರು ಹತ್ತಿಸೋಕೆ ಅಂತ ಅಧ್ಯಕ್ಷರು ಫುಟ್‌ಪಾತ್ ಮೇಲೆ ಕಟ್ಟಿಸಿದ್ದ ಗ್ರಾನೈಟ್ ಇಳಿಜಾರನ್ನ ರಾಡಲ್ಲಿ ಟಕ್ ಟಕ್ ಅಂತ ಕುಟ್ತಾ ಇದ್ರು.

"ಇದರ ಕೆಳಗಿದೆ. ಮೇಲೆ ಯಾರೋ ಕಲ್ಲು ಹಾಕಿದ್ದಾರೆ. ಬುದ್ಧಿ ಇಲ್ಲದವರು" ಅಂದ್ರು.

ಅಧ್ಯಕ್ಷರು ಬೆವರ್ತಿದ್ರು. "ಪಾಪ, ಅವರಿಗೆ ನೆನಪಿರಲ್ಲ. ಬೇರೆ ಕಡೆ ನೋಡಿ" ಅಂದ್ರು.

ಕೊಪ್ಪಳದವನು ಸೊಂಟಕ್ಕೆ ಕೈಯಿಟ್ಟು ನಿಂತ. "ಸಾಹೇಬ್ರ, ವಾದ ಮಾಡಬಾರದು ಅಂತ ಸಭಾದಾಗ ನೀವೂ ಕೈ ಎತ್ತಿದ್ರಿ."

ಅಧ್ಯಕ್ಷರು ತಾವೇ ಒಳಗೆ ಹೋಗಿ ಸುತ್ತಿಗೆ ತಂದು ಮೊದಲನೇ ಏಟು ಹಾಕಿದ್ರು. ಅದಕ್ಕೆ ನಾನು ಅವರಿಗೆ ಮನಸಾರೆ ಕೈ ಮುಗೀತೀನಿ. ಕಲ್ಲು ಎದ್ದಿತು, ಮಣ್ಣು ಎದ್ದಿತು, ಮೊಣಕೈ ಆಳದಲ್ಲಿ ತುಕ್ಕು ಹಿಡಿದ ಕಬ್ಬಿಣದ ಮುಚ್ಚಳ, ಅದಕ್ಕೊಂದು ಬೀಗ ಹಾಕೋ ಕೊಂಡಿ. ರಾಡು ಹಾಕಿ ನಮ್ಮವರು ಒಂದು ಕಡೆ, ಕೊಪ್ಪಳದವನು ಇನ್ನೊಂದು ಕಡೆ ಹಿಡಿದು ತಿರುಗಿಸಿದ್ರು. ಇವರು ಎಣಿಸಿದ್ರು. ಇಪ್ಪತ್ತೆರಡಕ್ಕೆ "ಸಾಕು" ಅಂದ್ರು. ಮೇನ್ ರೋಡಿಂದ ಯಾರೋ "ನಿಂತೋಯ್ತು, ನೀರು ನಿಂತೋಯ್ತು" ಅಂತ ಕೂಗಿದ್ದು ಕೇಳಿಸ್ತು.

ನನ್ನ ಮಗಳು ಗುಂಪಿನಿಂದ ಮುಂದೆ ಬಂದು ಅಪ್ಪನ ಎದುರಿಗೆ ನಿಂತ್ಲು. ಕಣ್ಣು ತುಂಬಿತ್ತು. ಇವರು ಅವಳ ಮುಖ ನೋಡಿದ್ರು. ಗುರುತು ಸಿಗಲಿಲ್ಲ. ಆಮೇಲೆ ಅವಳ ಕೈಲಿದ್ದ ಬೀಗ ನೋಡಿದ್ರು. ಮುಖ ಅರಳ್ತು.

"ತಂದ್ರಾ? ಒಳ್ಳೇದಾಯ್ತು. ಇದಕ್ಕೊಂದು ಬೀಗ ಬೇಕಿತ್ತು" ಅಂತ ಅದನ್ನ ಇಸ್ಕೊಂಡು, ಬಗ್ಗಿ, ವಾಲ್ವಿನ ಮುಚ್ಚಳ ಹಾಕಿ, ಕೊಂಡಿಗೆ ಬೀಗ ಜಡಿದ್ರು. ಎರಡು ಸಲ ಎಳೆದು ನೋಡಿದ್ರು. "ಇಲ್ಲಾಂದ್ರೆ ಮತ್ತೆ ಯಾರಾದ್ರೂ ಕಲ್ಲು ಹಾಕ್ತಾರೆ" ಅಂತ ಅಧ್ಯಕ್ಷರ ಕಡೆ ಒಂದು ನೋಟ ಬಿಟ್ಟು, ಕೀಲಿ ತೆಗೆದು ಮಗಳ ಅಂಗೈಲಿಟ್ಟು ಬೆರಳು ಮಡಿಸಿದ್ರು.

"ಇದು ನಿಮ್ಮ ಹತ್ರಾನೇ ಇರ್ಲಮ್ಮಾ. ನೀವು ಯಾರೋ ಗೊತ್ತಿಲ್ಲ, ಆದ್ರೆ ನೋಡಿದ್ರೆ ನಂಬಿಕಸ್ಥರು ಅನ್ನಿಸುತ್ತೆ."

ಅವಳು ನಕ್ಕೊಂಡೇ ಅತ್ಲು, ಅತ್ಕೊಂಡೇ ನಕ್ಳು. "ಆಯ್ತು ಸಾರ್, ಜೋಪಾನವಾಗಿ ಇಟ್ಕೋತೀನಿ" ಅಂದ್ಲು. ನಾನಂತೂ ಅಲ್ಲೇ ಮಣ್ಣಿನ ಗುಡ್ಡೆ ಮೇಲೆ ಕೂತುಬಿಟ್ಟೆ. ಅಧ್ಯಕ್ಷರ ಹೆಂಡ್ತಿ ನನ್ನ ಕೈಗೂ ಒಂದು ತಟ್ಟೆ ಉಪ್ಪಿಟ್ಟು ಕೊಟ್ರು.

ಇರೋ ಒಂದು ಬೀಗ ಅಲ್ಲಿಗೆ ಹೋಯ್ತಲ್ಲ, ನಮ್ಮನೆ ಗೇಟು ಅವತ್ತಿಂದ ತೆರೆದೇ ಇದೆ. ಕೆಂಗೇರಿ ಮಾತು ಮಗಳು ಮತ್ತೆ ಎತ್ತಿಲ್ಲ. ಕೀಲಿ ಮಾತ್ರ ಅವಳು ಯಾರಿಗೂ ಕೊಡಲ್ಲ. ಅಪ್ಪ ವಹಿಸಿದ ಕೆಲಸ ಅಂತಾಳೆ. ಹಾಗಾಗಿ ಆ ವಾಲ್ವ್ ತಿರುಗಿಸ್ಬೇಕು ಅಂದ್ರೆ ಕೊಪ್ಪಳದವನು ಕೆಂಗೇರಿಗೆ ಫೋನ್ ಮಾಡ್ತಾನೆ. ಅವಳು ಮೆಟ್ರೋ ಹತ್ಕೊಂಡು ಬಂದು, ಬೀಗ ತೆಗೆದುಕೊಟ್ಟು, ಅಪ್ಪನ ಜೊತೆ ಒಂದು ಕಾಫಿ ಕುಡಿದು, ಸಾಯಂಕಾಲ ಹೋಗ್ತಾಳೆ. ಮೊದಲು ಎರಡು ತಿಂಗಳಿಗೊಂದು ಸಲ ಬರ್ತಿದ್ದವಳು ಈಗ ಪ್ರತೀ ಭಾನುವಾರ ಇಲ್ಲೇ.

ಮೊನ್ನೆ ಕೊಪ್ಪಳದವನನ್ನ ಹಿಡ್ಕೊಂಡು ಕೇಳಿದೆ. "ಏನಪ್ಪಾ, ಆ ವಾಲ್ವ್ ಪೈಪು ಒಡೆದಾಗ ಮಾತ್ರ ತಾನೇ ಮುಚ್ಚೋದು? ಪ್ರತೀ ಭಾನುವಾರ ಅದೇನು ತಿರುಗಿಸ್ತೀಯ?"

ಅವನು ಆಕಡೆ ಮುಖ ತಿರುಗಿಸ್ಕೊಂಡು ಅಂದ: "ಏನೂ ಇಲ್ರೀ ಅಮ್ಮಾರ. ಕಾಕಾ ಹೇಳ್ಯಾರ, ವಾರಕ್ಕೊಂದ್ ಸರ್ತಿ ತೆಗೆದು ನೋಡದಿದ್ರ ತುಕ್ಕು ಹಿಡಿತೈತಂತ."